ಎಮ್ಮೆಯ ಬಾಯಿಗೆ ಕೈ ಹಾಕಿದ ದಿನ

ಹೋದ ವಾರ ನಮ್ಮ ಶಾಲೆಗೆ ಒಂದು ಪೆಟ್ಟಿಗೆ ಕೆಂಪು ಸಾಬೂನು ಬಂತು. ಬಿಸಿಯೂಟಕ್ಕೆ ಮೊದಲು ಮಕ್ಕಳು ಕೈ ತೊಳೆಯಲಿ ಎಂದು ಊರಿನ ಯಾರೋ ಪುಣ್ಯಾತ್ಮರು ಕೊಡಿಸಿದ್ದು. ಅಡುಗೆಯಾಕೆ ಪೆಟ್ಟಿಗೆ ಒಡೆದದ್ದೇ ತಡ, ಮೂಗಿಗೆ ಅಡರುವ ಆ ಖಾರ ವಾಸನೆ ಪಡಸಾಲೆಯ ತುಂಬ ಹರಡಿತು. ಹಾಜರಿ ಪುಸ್ತಕ ಹಿಡಿದು ನಿಂತಿದ್ದ ನಾನು ಹಾಗೇ ಗೋಡೆಗೆ ಒರಗಿದೆ. ನನ್ನ ಎಡಗೈ ತಾನಾಗಿಯೇ ಬಲಗೈಯನ್ನು ಮುಚ್ಚಿ ಹಿಡಿದಿತ್ತು.

"ಯಾಕ್ರಿ ಟೀಚರ್, ಚಕ್ಕರ್ ಬಂತೇನ್ರಿ?" ಎಂದು ಅಡುಗೆಯಾಕೆ ಕೇಳಿದಳು.

ಏನಿಲ್ಲ ಎಂದೆ. ಆಳಂದ ತಾಲೂಕಿನ ಈ ಶಾಲೆಗೆ ನಾನು ಬಂದು ನಾಲ್ಕು ವರ್ಷ. ಇಲ್ಲಿ ಯಾರಿಗೂ ಆ ಕಥೆ ಗೊತ್ತಿಲ್ಲ. ಹನ್ನೆರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ, ನನ್ನ ಮುಂಗೈ ಹಿಡಿದುಕೊಂಡ ಒಬ್ಬ ಹೆಂಗಸಿನ ಗಟ್ಟಿ ಹಿಡಿತ, ಅಂದು ಹೊಟ್ಟೆಯೊಳಗೆ ಹೊಕ್ಕು ಇನ್ನೂ ಪೂರ್ತಿ ಹೊರಗೆ ಹೋಗದ ಅಂಜಿಕೆ...

ಆಗ ನಾನು ಅಫಜಲಪುರ ತಾಲೂಕಿನಲ್ಲಿ, ಹವಳಗಾದ ಹತ್ತಿರದ ಒಂದು ಊರಿನ ಸೊಸೆ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು. ನಾನು ಊರ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮನೆಯಲ್ಲಿ ನಾವಿಬ್ಬರು, ಅತ್ತೆ, ಮತ್ತು ಅತ್ತೆಯ ಎಮ್ಮೆ. ಆ ಎಮ್ಮೆಯನ್ನು ಮನೆಯವರ ಲೆಕ್ಕದಲ್ಲೇ ಹೇಳಬೇಕು. ಅತ್ತೆ ಬೆಳಿಗ್ಗೆ ಎದ್ದು ಇಷ್ಟಲಿಂಗ ಪೂಜೆ ಮುಗಿಸಿದ ಮೇಲೆ ಮೊದಲು ಮಾತನಾಡಿಸುತ್ತಿದ್ದದ್ದು ಅದನ್ನೇ. ನನ್ನ ಸರದಿ ಆಮೇಲೆ.

ಊರ ಅಂಚಿಗೆ, ಬಸ್ಸು ನಿಲ್ಲುವ ಜಾಗದ ಹಿಂದೆ, ದನದ ದವಾಖಾನೆ ಇತ್ತು. ಅಲ್ಲಿಗೆ ಬಂದ ಡಾಕ್ಟರು ಹೆಂಗಸು. ಜೇವರ್ಗಿ ಕಡೆಯವರು, ನಡುವಯಸ್ಸು ದಾಟಿದವರು, ಮದುವೆಯಾಗದೆ ಉಳಿದವರು. ಸೀರೆಯ ಮೇಲೆ ಗಂಡಸರ ದೊಡ್ಡ ಅಂಗಿ ತೊಟ್ಟು, ಹಳೆಯ ಸ್ಕೂಟಿಯ ಮುಂದೆ ಚೀಲ ಇಟ್ಟುಕೊಂಡು ಓಡಾಡುತ್ತಿದ್ದರು. ಬಂದ ಹೊಸದರಲ್ಲಿ ಕಟ್ಟೆಯ ಮೇಲಿನ ಗಂಡಸರು ನಗುತ್ತಿದ್ದರಂತೆ. ಒಂದು ದಿನ ಯಾರದೋ ಆಕಳಿಗೆ ಕರು ಅಡ್ಡ ನಿಂತು, ಎಲ್ಲರೂ ಕೈಚೆಲ್ಲಿ ಕೂತಾಗ, ಇವರು ಭುಜದತನಕ ಕೈ ಹಾಕಿ ಕರುವನ್ನು ತಿರುಗಿಸಿ ಜೀವಂತ ಹೊರಗೆ ತೆಗೆದರು. ಅಂದಿನಿಂದ ನಗು ನಿಂತಿತು. ಹೆಸರು ಹಿಡಿದು ಯಾರೂ ಕರೆಯಲಿಲ್ಲ. ಊರಿಗೆಲ್ಲ ಅವರು ಡಾಕ್ಟರಕ್ಕ.

ನನಗೆ ಅವರ ಪರಿಚಯ ಅಷ್ಟಕ್ಕಷ್ಟೆ. ಎದುರಾದರೆ "ಆರಾಮೇನ್ರಿ" ಎನ್ನುತ್ತಿದ್ದೆ, ಅವರು ಸ್ಕೂಟಿಯ ಮೇಲಿಂದಲೇ ತಲೆ ಆಡಿಸುತ್ತಿದ್ದರು. ಆ ಎಮ್ಮೆ ಮೇವು ಬಿಡದೇ ಇದ್ದಿದ್ದರೆ ಪರಿಚಯ ಅಲ್ಲಿಗೇ ಮುಗಿಯುತ್ತಿತ್ತು.

ತೊಗರಿ ಕೊಯ್ಲಿನ ಕಾಲ. ನಾನು ಐದು ತಿಂಗಳ ಬಸುರಿ. ಹೊಲಕ್ಕೆ ಹೋಗಬೇಡ ಎಂದು ಅತ್ತೆ ಹೇಳಿದರೂ ಕೇಳದೆ ಹಿಂದಿನ ದಿನ ತೊಗರಿ ಕಟ್ಟು ಎತ್ತಲು ಕೈಜೋಡಿಸಿದ್ದೆ. ಕಡ್ಡಿ ತರಚಿ ಬಲಗೈಯಲ್ಲಿ ಅಲ್ಲಲ್ಲಿ ಕೆಂಪು ಗೀರು ಎದ್ದಿದ್ದವು. ಹಳ್ಳಿಯಲ್ಲಿ ಅದನ್ನು ಗಾಯ ಎಂದು ಯಾರೂ ಕರೆಯುವುದಿಲ್ಲ.

ಅಂದು ರವಿವಾರ. ಎಮ್ಮೆ ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಬಾಯಿಂದ ದಾರದ ಹಾಗೆ ಜೊಲ್ಲು ಇಳಿಯುತ್ತಿತ್ತು. ನೀರಿನ ಬಾನಿಗೆ ಮೂತಿ ಇಡುತ್ತಿತ್ತು, ನುಂಗಲು ಆಗುತ್ತಿರಲಿಲ್ಲ. ಅದರ ಕೂಗಂತೂ ಕೇಳುವ ಹಾಗಿರಲಿಲ್ಲ. ಒಡಕು ಕೊಳವೆಯಿಂದ ಗಾಳಿ ಬಂದ ಹಾಗೆ, ಬಿಟ್ಟು ಬಿಟ್ಟು...

"ಕಬ್ಬಿನ ತುಂಡು ಗಂಟಲದಾಗ ಸಿಕ್ಕದ," ಎಂದರು ಅತ್ತೆ.

ಪಕ್ಕದ ಮನೆಯ ಚಾಚಾ ಬಂದರು. ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರು ಓಡಿಸುತ್ತಿದ್ದವರು, ದನಗಳ ವಿಷಯದಲ್ಲಿ ನಮ್ಮ ಓಣಿಗೆ ಅವರೇ ದೊಡ್ಡವರು. ಎಮ್ಮೆಯ ದವಡೆ ಅಗಲಿಸಿ ನಾಲಿಗೆ ಹಿಡಿದುಕೊಂಡರು. ಒಳಗೆ ಕೈ ಹಾಕಿ ನೋಡಲು ಹೋದರೆ ಅವರ ಅಂಗೈ ದಪ್ಪ, ಹೋಗಲೊಲ್ಲದು.

"ಬೇಟಿ, ನಿನ್ನ ಕೈ ಸಣ್ಣದ ನೋಡು. ಜರಾ ಹಾಕು, ನಾ ಬಾಯಿ ಹಿಡದಿರ್ತೀನಿ."

ಬಳೆ ಮೇಲಕ್ಕೆ ಸರಿಸಿ ಕೈ ಹಾಕಿದೆ. ಮೊಣಕೈಯವರೆಗೂ ಹೋಯಿತು. ಒಳಗೆ ಬಿಸಿ, ಜೊಲ್ಲು, ಒರಟು ನಾಲಿಗೆಯ ಬುಡ. ಏನೂ ಸಿಗಲಿಲ್ಲ. ಮತ್ತೆ ಹಾಕಿದೆ. ಆಗಲೂ ಸಿಗಲಿಲ್ಲ. ಕೈ ತೆಗೆದು ಸೆರಗಿಗೆ ಒರೆಸಿಕೊಂಡು, "ಏನೂ ಇಲ್ರಿ ಚಾಚಾ" ಎಂದೆ. ಅತ್ತೆ ಡಾಕ್ಟರಕ್ಕನಿಗೆ ಹೇಳಿ ಕಳಿಸಿದರು.

ಡಾಕ್ಟರಕ್ಕ ಬಂದರು. ಎಂದಿನ ಹಾಗೆ ನೇರ ಎಮ್ಮೆಯ ಹತ್ತಿರ ಹೋಗಲಿಲ್ಲ. ಅಂಗಳದ ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದರು. ಎಮ್ಮೆ ಇನ್ನೊಮ್ಮೆ ಆ ಒಡಕು ದನಿ ತೆಗೆಯಿತು. ಅವರ ಮುಖದ ಬಣ್ಣ ಹೋದದ್ದು ನಾನು ಕಂಡೆ.

"ಎಲ್ಲಾರೂ ಹಿಂದಕ್ಕ ಸರೀರಿ. ಯವ್ವಾ, ಇದಕ್ಕ ಎಂದರ ನಾಯಿ ಕಡದಿತ್ತೇನು?"

ಅತ್ತೆ ಯೋಚಿಸಿದರು. ಎರಡು ತಿಂಗಳ ಹಿಂದೆ ಓಣಿಯಲ್ಲಿ ಒಂದು ನಾಯಿ ಸಿಕ್ಕಸಿಕ್ಕದ್ದಕ್ಕೆ ಬಾಯಿ ಹಾಕುತ್ತ ಓಡಿತ್ತು. ಎಮ್ಮೆಯ ಮೂತಿಯ ಮೇಲೆ ಸಣ್ಣದೊಂದು ಗಾಯ ಆಗಿತ್ತು. ಅತ್ತೆ ಅರಿಸಿನ ಹಚ್ಚಿದ್ದರು. ಗಾಯ ಮಾಯ್ದಿತ್ತು.

"ಬಾಯಾಗ ಯಾರರ ಕೈ ಹಾಕೀರೇನು?"

ನಾನು ಬಲಗೈ ಮುಂದೆ ಚಾಚಿದೆ. ಯಾಕೆ ಹಾಗೆ ಮಾಡಿದೆನೋ... ಮಾಸ್ತರರ ಮುಂದೆ ತಪ್ಪು ಒಪ್ಪಿಕೊಳ್ಳುವ ಮಕ್ಕಳ ಹಾಗೆ ಚಾಚಿದ್ದೆ. ಅವರು ದಡದಡನೆ ಬಂದು ನನ್ನ ಮುಂಗೈ ಹಿಡಿದು, ನಳದ ಕೆಳಗೆ ಎಳೆದುಕೊಂಡು ಹೋದರು. ಚೀಲದಿಂದ ಕೆಂಪು ಸಾಬೂನು ತೆಗೆದರು. ಬೆರಳ ತುದಿಯಿಂದ ಮೊಣಕೈ ದಾಟುವತನಕ ನೊರೆ ಎಬ್ಬಿಸಿ, ನೀರು ಬಿಟ್ಟು, ಮತ್ತೆ ಸಾಬೂನು ಹಚ್ಚಿ, ಮತ್ತೆ ನೀರು ಬಿಟ್ಟು ತೊಳೆಯತೊಡಗಿದರು. ತೊಗರಿ ಕಡ್ಡಿಯ ಗೀರುಗಳು ಉರಿದವು. ಒಂದೊಂದು ಗೀರನ್ನೂ ಅವರು ಬೆರಳಿಟ್ಟು ನೋಡುತ್ತಿದ್ದರು.

"ಸಾಕ್ರಿ ಅಕ್ಕ," ಎಂದೆ.

"ಹದಿನೈದು ಮಿನಿಟ್ ಆಗಬೇಕು. ಗಡಿಯಾರ ನೋಡಾಕತ್ತೀನಿ. ಸುಮ್ಮ ನಿಂದ್ರು."

ಆಗ ನನಗೆ ಅವರ ಬೆರಳು ನಡುಗುವುದು ತಿಳಿಯಿತು. ಆಕಳ ಹೊಟ್ಟೆಯೊಳಗೆ ಭುಜದತನಕ ಕೈ ಹಾಕಿದವರ ಬೆರಳು! ನಾನು ಅಂಜಿದ್ದು ಆ ಹೊತ್ತಿಗೆ. ಅಲ್ಲಿಯವರೆಗೆ ಏನಾಗಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಚಾಚಾರ ಕೈಯನ್ನೂ ತೊಳೆಸಿದರು, ಜೊಲ್ಲು ಒರೆಸಿದ್ದ ಅತ್ತೆಯ ಕೈಯನ್ನೂ ತೊಳೆಸಿದರು. ಈ ಎಮ್ಮೆಯ ಹಸಿ ಹಾಲು ಯಾರಾದರೂ ಕುಡಿದಿದ್ದೀರಾ ಎಂದು ಓಣಿಯ ಮನೆಮನೆಗೆ ಹೋಗಿ ಕೇಳಿ ಬಂದರು. ನಮ್ಮ ಪುಣ್ಯಕ್ಕೆ ಎಲ್ಲರೂ ಕಾಯಿಸಿಯೇ ಕುಡಿದಿದ್ದರು. ಆಮೇಲೆ ಅಂಗಳಕ್ಕೆ ಬಂದು ಹೇಳಿದರು.

"ಇದು ಹುಚ್ಚುನಾಯಿ ರೋಗ. ಎಮ್ಮಿ ಉಳಿಯಂಗಿಲ್ಲ. ನೀವು ಮೂರೂ ಮಂದಿ ಈಗಿಂದೀಗ ಅಫಜಲಪುರಕ್ಕ ಹೋಗಿ ಸೂಜಿ ಮಾಡಿಸ್ಕೋಬೇಕು."

ಅತ್ತೆ ನನ್ನ ಹೊಟ್ಟೆಯ ಕಡೆ ನೋಡಿದರು. "ಆಕಿಗಿ ಸೂಜಿ ಗೀಜಿ ಬ್ಯಾಡ್ರಿ. ಹೊಟ್ಯಾಗ ಕೂಸದ. ಅಷ್ಟು ಖಡಕ್ ಔಷಧ ಕೂಸಿಗಿ ತಡಿಯಂಗಿಲ್ಲ. ಬೇರು ಕೊಡೋರು ಒಬ್ರು ಅದಾರ, ಮೂರು ದಿನ ಕುಡಿಸಿದ್ರ ಸಾಕು."

"ಯವ್ವಾ, ಬಸುರಿ ಹೆಣ್ಣಮಕ್ಕಳಿಗೂ ಈ ಸೂಜಿ ನಡೀತದ. ಕೂಸಿಗೇನೂ ಆಗಂಗಿಲ್ಲ. ಬೇರು ನಂಬಿ ಕುಂತ್ರ ಮಾತ್ರ ನಿಮ್ಮ ಸೊಸಿನೂ ಹೋಗ್ತಾಳ, ಕೂಸೂ ಹೋಗ್ತದ."

ಅತ್ತೆ ಕಿವಿ ಮುಚ್ಚಿಕೊಂಡರು. "ಬಿಡ್ತು ಅನ್ರಿ! ಸಂಜಿ ಮುಂದ ಎಂಥಾ ಮಾತು ಆಡ್ತೀರಿ!"

"ಅನ್ನಂಗಿಲ್ರಿ. ನೀವು ಟೆಂಪೋ ಹತ್ತೂತನಕ ಅನ್ನಂಗಿಲ್ಲ."

ಟೆಂಪೋ ಹತ್ತಿದೆವು. ಕಾರ್ಖಾನೆಯಿಂದ ಓಡಿ ಬಂದ ಗಂಡ ನನ್ನ ಪಕ್ಕ ಕೂತಿದ್ದರು. ನನ್ನ ಕೈ ಹಿಡಿಯಲು ಹೋಗಿ, ಬಲಗೈ ಎಂದು ನೆನಪಾಗಿ, ಹಿಂದಕ್ಕೆ ಸರಿಸಿಕೊಂಡರು. ಅವರನ್ನು ನಾನು ತಪ್ಪು ಹಿಡಿಯಲಿಲ್ಲ. ಆದರೆ ಆ ಸರಿದ ಕೈ ಇಂದಿಗೂ ಕಣ್ಣ ಮುಂದಿದೆ. ಅಫಜಲಪುರದಲ್ಲಿ ಮೊದಲ ಸೂಜಿ ಆಯಿತು. ಕೈಯಲ್ಲಿ ಗೀರುಗಳಿರುವುದರಿಂದ ಗಾಯದೊಳಗೇ ಹಾಕುವ ಇನ್ನೊಂದು ಔಷಧ ಬೇಕೆಂದೂ ಅದಕ್ಕೆ ಮರುದಿನ ಕಲಬುರಗಿಗೆ ಹೋಗಬೇಕೆಂದೂ ಅಲ್ಲಿನ ಡಾಕ್ಟರು ಚೀಟಿ ಬರೆದುಕೊಟ್ಟರು.

ಮರುದಿನ ಬೆಳಿಗ್ಗೆ ಬಸ್ಸಿಗೆ ಮೊದಲು ಡಾಕ್ಟರಕ್ಕ ಮತ್ತೆ ನಮ್ಮ ಮನೆಗೆ ಬಂದರು. ಎಮ್ಮೆಯನ್ನು ಹಿತ್ತಲಿನ ಬೇವಿನ ನೆರಳಿಗೆ ಎರಡು ಹಗ್ಗದಲ್ಲಿ ಕಟ್ಟಿಸಿದ್ದರು. ಅದು ಹಗ್ಗ ಜಗ್ಗುತ್ತ, ಗಿಡದ ಬೊಡ್ಡೆಗೆ ಹಣೆ ಹಾಯಿಸುತ್ತ, ಮೈಯೆಲ್ಲ ನೊರೆಯಾಗಿತ್ತು. ಗೋಡೆಯಾಚೆ ಜನ ಸೇರಿದ್ದರು. ಯಾರೋ ಕಲ್ಲು ಎಸೆದರು. ಡಾಕ್ಟರಕ್ಕ ತಿರುಗಿ, "ರೋಗ ಬಂದದ್ದು ಅದರ ತಪ್ಪೇನ್ರಿ? ಕಲ್ಲು ಒಗಿಯೋರು ಮನಿಗಿ ಹೋಗ್ರಿ" ಎಂದು ಗದರಿದರು. ಆಮೇಲೆ ಅತ್ತೆಯ ಮುಂದೆ ಬಂದು ಕೂತರು.

"ಯವ್ವಾ, ಇನ್ನ ಎರಡು ಮೂರು ದಿನ ಇದು ಹಿಂಗ ನರಳಿ ನರಳಿ ಸಾಯ್ತದ. ನೀವು ಹ್ಞೂಂ ಅಂದ್ರ ನೋವಿಲ್ಲದಂಗ ಕಳಸ್ತೀನಿ."

ಅತ್ತೆ ಒಳಗೆ ಹೋಗಿ ಒಂದು ಹಿಡಿ ಹಸಿ ಜೋಳದ ಮೇವು ತಂದು, ಎಮ್ಮೆಗೆ ಕಾಣುವಷ್ಟು ದೂರದಲ್ಲಿ ಇಟ್ಟು, ಕೈಮುಗಿದರು. ಅದನ್ನೇ ಒಪ್ಪಿಗೆ ಎಂದು ಡಾಕ್ಟರಕ್ಕ ತಿಳಿದುಕೊಂಡರು. ದಪ್ಪ ಕೈಗವಸು ತೊಟ್ಟು, ಹಗ್ಗ ಬಿಗಿ ಮಾಡಿಸಿ, "ಆತು ನಮ್ಮವ್ವ, ಆತು, ಆತು" ಎಂದು ಎಮ್ಮೆಗೆ ಹೇಳುತ್ತಲೇ ಸೂಜಿ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಅದು ಮಂಡಿಯೂರಿತು, ಆಮೇಲೆ ಪಕ್ಕಕ್ಕೆ ಒರಗಿತು. ಊರ ಹೊರಗೆ ಆಳವಾದ ಗುಂಡಿ ತೆಗೆಸಿ, ಸುಣ್ಣ ಸುರಿಸಿ ಹೂಳಿಸಿದರು. ಪರೀಕ್ಷೆಗೆ ಕಳಿಸಲು ಬೇಕಾದದ್ದನ್ನು ತೆಗೆದು ಡಬ್ಬಿಯಲ್ಲಿ ಭದ್ರ ಮಾಡಿದ್ದರು. ರೋಗ ಅದೇ ಎಂದು ಕೆಲವು ದಿನದ ಮೇಲೆ ಉತ್ತರ ಬಂತು.

ಕಲಬುರಗಿಯ ಬಸ್ಸಿಗೆ ಅವರೂ ಬಂದರು. ಬರಬೇಕೆಂದೇನೂ ಇರಲಿಲ್ಲ. ಅತ್ತೆ, ಗಂಡ, ಚಾಚಾ ಮುಂದೆ ಕೂತರು. ನಾನೂ ಅವರೂ ಹಿಂದೆ. ಕಿಟಕಿಯಾಚೆ ಕೊಯ್ದ ತೊಗರಿಯ ಹೊಲಗಳು ಸರಿಯುತ್ತಿದ್ದವು. ನಾನು ಮಾತು ಬೇಕೆಂದು ಕೇಳಿದೆ.

"ನಿಮಗ ಅಂಜಿಕಿ ಆಗಂಗಿಲ್ಲೇನ್ರಿ ಅಕ್ಕ? ದಿನಾ ಇಂಥಾವ ನೋಡ್ತೀರಿ."

ಅವರು ಹೇಳಿದ್ದನ್ನು ನಾನು ಇಲ್ಲಿ ಸಣ್ಣದು ಮಾಡಿ ಬರೆಯುತ್ತಿದ್ದೇನೆ. ಮೊದಲ ನೌಕರಿ ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿ. ಒಂದು ಮನೆಯಲ್ಲಿ ಹೋರಿಗರು ಜೊಲ್ಲು ಸುರಿಸುತ್ತ ನಿಂತಿತ್ತು. ಇವರು ಅಜೀರ್ಣ ಎಂದುಕೊಂಡು ಬಾಟಲಿಯಲ್ಲಿ ಔಷಧ ಕುಡಿಸಿದರು. ಕರುವಿನ ಬಾಯಿ ಅಗಲಿಸಿ ಹಿಡಿದುಕೊಂಡವಳು ಆ ಮನೆಯ ಮಗಳು, ಹೆರಿಗೆಗೆಂದು ತವರಿಗೆ ಬಂದವಳು. ಕರು ಮೂರು ದಿನಕ್ಕೆ ಸತ್ತಿತು. ಓದುವಾಗಲೇ ಇವರಿಗೆ ಸೂಜಿಗಳೆಲ್ಲ ಆಗಿದ್ದವು. ಅವಳಿಗೆ ಆಗಿರಲಿಲ್ಲ. ಕರು ಯಾಕೆ ಸತ್ತಿತು ಎಂದು ಯಾರೂ ಕೇಳಲಿಲ್ಲ, ಇವರೂ ಕೇಳಿಕೊಳ್ಳಲಿಲ್ಲ.

"ಎರಡೂವರಿ ತಿಂಗಳ ಮ್ಯಾಲ ಆಕಿಗಿ ಗಾಳಿ ಸೋಕ್ಯಾದ ಅಂತ ಸುದ್ದಿ ಬಂತು. ನನಗ ಏನೋ ಹೊಳೀತು, ಓಡಿ ಹೋದೆ. ಆಕಿ ಮುಂದ ನೀರಿನ ತಂಬಿಗಿ ಇಟ್ಟಿದ್ರು, ತಂಗಿ. ಆ ತಂಬಿಗಿ ನೋಡಿ ಆಕಿ..."

ಬಸ್ಸು ಒಂದು ಊರಲ್ಲಿ ನಿಂತು ಮತ್ತೆ ಹೊರಟಿತು.

"ಮಣ್ಣು ಆದ ಮ್ಯಾಲ ಆಕಿ ಅವ್ವನ ಮುಂದ ಹೋಗಿ ಹೇಳಿದೆ. ನಾ ಗುರುತಾ ಹಿಡೀಲಿಲ್ರಿ, ನನ್ನ ತಪ್ಪು ಅಂತ. ಆಕಿ ಬೈಯಲಿಲ್ಲ. ರೊಟ್ಟಿ ತಿಂದು ಹೋಗವ್ವ ಅಂದ್ಳು. ಬೈದಿದ್ರ ಚೊಲೋ ಇತ್ತು... ನಿನಗ ಇದನ್ನ ಹೇಳಬಾರ್ದಿತ್ತು. ಆದ್ರ ಐದು ಸೂಜಿ ಅದಾವ. ಒಂದೂ ತಪ್ಪಿಸಬ್ಯಾಡ. ನನ್ನ ಮ್ಯಾಲ ಸಿಟ್ಟಾಗು, ಸೂಜಿ ತಪ್ಪಿಸಬ್ಯಾಡ."

ಸಿಟ್ಟೇ ಬಂದಿತ್ತು. ಬಸುರಿಯ ಮುಂದೆ ಬಸುರಿಯ ಸಾವು ಹೇಳುವವರು ಇರುತ್ತಾರೆಯೇ? ಕಲಬುರಗಿಯಲ್ಲಿ ಒಂದೊಂದು ಗೀರಿನ ಸುತ್ತಲೂ ಸೂಜಿ ಚುಚ್ಚುವಾಗ ನಾನು ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದೆ. ಹೊಟ್ಟೆಯಲ್ಲಿ ಕೂಸು ಒದೆಯಿತು. ಅಲ್ಲಿಯವರೆಗೆ ಒದ್ದಾಗ ಹಿಗ್ಗುತ್ತಿದ್ದವಳು ಆ ದಿನ ಮೊದಲ ಸಲ ನಡುಗಿದೆ. ಒಳಗೆ ಅದಕ್ಕೂ ಹತ್ತಿತೇನೋ, ಅದಕ್ಕೇ ಒದ್ದಾಡುತ್ತಿದೆಯೇನೋ...

ಮುಂದಿನ ದಿನಗಳು ಹೀಗೆ ಕಳೆದವು. ಬೆಳಿಗ್ಗೆ ಎದ್ದ ಕೂಡಲೇ, ಅತ್ತೆ ಏಳುವ ಮೊದಲು, ಒಂದು ಲೋಟ ನೀರು ತುಂಬಿ ಎದುರಿಗೆ ಇಟ್ಟುಕೊಳ್ಳುತ್ತಿದ್ದೆ. ಈ ರೋಗ ಹತ್ತಿದವರಿಗೆ ನೀರು ಕಂಡರೇ ಗಂಟಲು ಬಿಗಿಯುತ್ತದಂತೆ, ಅದಕ್ಕೇ ಅದನ್ನೇ ನೋಡುತ್ತಿದ್ದೆ. ಗಂಟಲು ಬಿಗಿಯುತ್ತದೆಯೇ? ಎದೆ ನಡುಗುತ್ತದೆಯೇ? ನಡುಗುತ್ತಿತ್ತು, ಅಂಜಿಕೆಗೆ. ಆ ನಡುಕವೇ ರೋಗ ಎಂದುಕೊಂಡು ಇನ್ನಷ್ಟು ನಡುಗುತ್ತಿದ್ದೆ. ಕೊನೆಗೆ ಕಣ್ಣು ಮುಚ್ಚಿ ಒಂದು ಗುಟುಕು ನುಂಗಿದರೆ ಆ ದಿನಕ್ಕೆ ಬದುಕಿದೆ ಎಂದು ಲೆಕ್ಕ. ಕೈ ಸ್ವಲ್ಪ ಜುಮ್ ಎಂದರೂ ಸಾಕು, ಶಾಲೆಯಲ್ಲಿ ಹಲಗೆಯ ಮೇಲೆ ಬರೆಯುತ್ತಿದ್ದ ಅಕ್ಷರ ಅರ್ಧಕ್ಕೆ ನಿಲ್ಲುತ್ತಿತ್ತು.

ಮೂರನೆಯ ಸೂಜಿಯ ದಿನ ಡಾಕ್ಟರಕ್ಕ ಮುಂಜಾನೆಯೇ ಮನೆಗೆ ಬಂದವರು ಲೋಟದ ಮುಂದೆ ಕೂತ ನನ್ನನ್ನು ಕಂಡುಬಿಟ್ಟರು. ಏನು ಎಂದು ಕೇಳಲಿಲ್ಲ. ಹತ್ತಿರ ಕೂತು, ಲೋಟ ಎತ್ತಿ ಅರ್ಧ ನೀರು ತಾವು ಕುಡಿದು, ಉಳಿದದ್ದನ್ನು ನನ್ನ ಕೈಗಿಟ್ಟರು.

"ನಾನೂ ಹಿಂಗ ಮಾಡತಿದ್ದೆ, ತಂಗಿ. ಆಕಿ ಹೋದ ಮ್ಯಾಲ ಒಂದು ವರ್ಷ ದಿನಾ ಮುಂಜಾನಿ ನೀರು ಇಟ್ಕೊಂಡು ಕುಂದರತಿದ್ದೆ. ನನಗ ಏನೂ ಆಗಂಗಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ರೂ... ಕುಡಿ."

ಕುಡಿದೆ. ಸಿಟ್ಟು ಅಂದೇ ಕರಗಿತು. ಅಂಜಿಕೆ ಕರಗಲಿಲ್ಲ, ಆದರೆ ಅದನ್ನು ಹೊರಲು ಇನ್ನೊಬ್ಬರು ಸಿಕ್ಕಿದ್ದರು.

ಅಂದೇ ಚಾಚಾ ಕಾಣೆಯಾದರು. ಎರಡು ಸೂಜಿ ಆದ ಮೇಲೆ, "ನನಗೇನಾಗ್ಯಾದ, ಗಟ್ಟಿಮುಟ್ಟ ಇದ್ದೀನಿ" ಎಂದು ಕಬ್ಬಿನ ಟ್ರ್ಯಾಕ್ಟರು ಹತ್ತಿ ಹೋಗಿದ್ದರು. ಡಾಕ್ಟರಕ್ಕ ನಮ್ಮನ್ನು ಬಸ್ಸಿಗೆ ಕಳಿಸಿ, ತಾವು ಸ್ಕೂಟಿ ತಿರುಗಿಸಿ ಹವಳಗಾಕ್ಕೆ ಹೋದರು. ಕಾರ್ಖಾನೆಯ ಅಂಗಳದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಸಾಲು ನಿಂತಿದ್ದವಂತೆ. ಒಂದೊಂದಕ್ಕೂ ಹೋಗಿ, ಹತ್ತಿ, ಇಣುಕಿ ನೋಡುತ್ತ ಹೋದರು. ಟ್ರ್ಯಾಕ್ಟರಿನ ನೆರಳಲ್ಲಿ ಮಲಗಿದ್ದ ಚಾಚಾ ಎದ್ದು ಕೂತು, ಸರದಿ ಬಿಟ್ಟು ಬಂದರೆ ಮತ್ತೆ ಕೊನೆಗೆ ನಿಲ್ಲಬೇಕು ಎಂದರು. ಅಲ್ಲಿದ್ದ ಡ್ರೈವರುಗಳೆಲ್ಲ ಕೇಳುವ ಹಾಗೆ ಡಾಕ್ಟರಕ್ಕ ಹೇಳಿದರಂತೆ: "ಚಾಚಾ, ನಿಮ್ಮ ಸರದಿ ನಾ ನಿಂದ್ರತೀನಿ. ಆದ್ರ ನೀವು ಹೋಗೂ ಸರದಿ ಬಂದ್ರ ನಿಮ್ಮ ಬದ್ಲಿ ಯಾರು ಹೋಗಬೇಕ್ರಿ?" ಯಾರೂ ನಗಲಿಲ್ಲ. ಪಕ್ಕದ ಡ್ರೈವರನೇ ಟ್ರ್ಯಾಕ್ಟರು ನೋಡಿಕೊಳ್ಳುತ್ತೇನೆ ಎಂದ. ನಾವು ಅಫಜಲಪುರದ ದವಾಖಾನೆಯ ಬೆಂಚಿನ ಮೇಲೆ ಕೂತಿರುವಾಗ ಸ್ಕೂಟಿ ಬಂದು ನಿಂತಿತು. ಹಿಂದೆ ಚಾಚಾ, ಹೆಂಗಸಿನ ಗಾಡಿಯಲ್ಲಿ ಬಂದ ನಾಚಿಕೆಗೆ ಟವೆಲಿನಿಂದ ಮುಖ ಮುಚ್ಚಿಕೊಂಡು ಇಳಿದರು. ಎಷ್ಟೋ ದಿನದ ಮೇಲೆ ಅತ್ತೆ ನಕ್ಕರು. ನಾನೂ ನಕ್ಕೆ.

ಊರಿನ ಅಂಜಿಕೆ ಬೇರೆ ದಾರಿ ಹಿಡಿದಿತ್ತು. ನಾಯಿಗಳಿಗೆಲ್ಲ ವಿಷ ಹಾಕಬೇಕೆಂದು ಹಿರಿಯರು ಕೂತು ಮಾತಾಡಿದರು. ನಿಜ ಹೇಳುತ್ತೇನೆ, ಹಾಕಲಿ ಎಂದೇ ನನಗೂ ಅನಿಸಿತ್ತು. ನಾಯಿ ಬೊಗಳಿದರೆ ನನ್ನ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಡಾಕ್ಟರಕ್ಕ ಆ ಸಭೆಗೆ ಹೋದರು.

"ಇವತ್ತು ಇವನ್ನ ಕೊಲ್ತೀರಿ. ನಾಳಿಗಿ ಖಾಲಿ ಓಣಿಗಿ ಬ್ಯಾರೆ ಊರಿನ ನಾಯಿ ಬರ್ತಾವ, ಅವಕ್ಕ ಏನದ ಏನಿಲ್ಲ ಯಾರಿಗಿ ಗೊತ್ತು? ಇರೋವಕ್ಕ ಸೂಜಿ ಹಾಕಿದ್ರ ಇವ ನಿಮ್ಮ ಊರಿನ ಬಾಗಲಾ ಕಾಯ್ತಾವ. ಎಲ್ಲಾ ದೇಶದಾಗೂ ದನದ ಡಾಕ್ಟರು ಇದನ್ನ ಮಾಡ್ತಾರ. ರೋಗ ಮನಿ ಹೊಸ್ತಿಲಾ ದಾಟೂಕಿಂತ ಮೊದ್ಲ ನಿಂದ್ರಸೂದು ನಮ್ಮ ಕೆಲಸ್ರಿ. ಬರೇ ಎಮ್ಮಿ ಆಕಳಾ ನೋಡೂದಲ್ಲ."

ಶಾಲೆಯ ಬಯಲಿನಲ್ಲಿ ಎರಡು ದಿನ ನಾಯಿಗಳಿಗೆ ಸೂಜಿ ಹಾಕಿದರು. ಜನ ರೊಟ್ಟಿ ತೋರಿಸಿ, ಗೋಣಿಚೀಲ ಹೊದಿಸಿ ಹಿಡಿದು ತಂದರು. ಒಂದು ಹಗ್ಗ ಹಿಡಿಯುತ್ತೀಯಾ ಎಂದು ನನ್ನನ್ನು ಕೇಳಿದರು. ಆಗಲಿಲ್ಲ. ಕಿಟಕಿಯ ಸರಳು ಹಿಡಿದು ಒಳಗೇ ನಿಂತಿದ್ದೆ. ಅವರು ಮತ್ತೆ ಕೇಳಲಿಲ್ಲ. ಬದಲಿಗೆ ತರಗತಿಯೊಳಗೆ ಬಂದು, ನಾಯಿ ಕಚ್ಚಿದರೆ, ಪರಚಿದರೆ ಏನು ಮಾಡಬೇಕೆಂದು ಮಕ್ಕಳಿಗೆ ಹೇಳಿಕೊಟ್ಟರು. ಮೊದಲು ಸಾಬೂನು ನೀರು, ಆಮೇಲೆ ಮನೆಯವರಿಗೆ ಹೇಳುವುದು, ಬಡಿಯುತ್ತಾರೆಂದು ಮುಚ್ಚಿಡದಿರುವುದು, ಆಮೇಲೆ ಸೂಜಿ. "ಉಳಿದದ್ದು ನೀ ಹೇಳು, ತಂಗಿ. ನಿನ್ನ ಮಾತು ಅವು ನನಗಿಂತ ಚೊಲೋ ಕೇಳ್ತಾವ" ಎಂದರು. ಹೇಳಿದೆ. ಮಕ್ಕಳು ಕಿವಿಗೊಟ್ಟು ಕೇಳಿದರು.

ಐದನೆಯ ಸೂಜಿಯೂ ಮುಗಿಯಿತು. ಬೇಸಿಗೆಯ ಹೊತ್ತಿಗೆ ಡಾಕ್ಟರಕ್ಕನಿಗೆ ಆಳಂದ ತಾಲೂಕಿನ ಮಾದನಹಿಪ್ಪರಗಾಕ್ಕೆ ವರ್ಗವಾಯಿತು. ಹೋಗುವ ದಿನ ನನ್ನ ಕೈ ತಿರುಗಿಸಿ ನೋಡಿದರು. ಗೀರಿನ ಗುರುತೂ ಉಳಿದಿರಲಿಲ್ಲ. "ಹಡದ ಕೂಡ್ಲೇ ಫೋನ್ ಮಾಡಸು" ಎಂದರು.

ಹೆಣ್ಣು ಹುಟ್ಟಿತು. ಗಂಡ ಹೆರಿಗೆ ಕೋಣೆಯ ಹೊರಗಿಂದಲೇ ಅವರಿಗೆ ಫೋನು ಹಚ್ಚಿದರು. ಹೆಣ್ಣು ಎಂದು ಹೇಳಿದರೆ, "ಅಳಾಕತ್ತದೇನ್ರಿ?" ಎಂದು ಕೇಳಿದರಂತೆ. ಗಂಡ ಒಳಗೆ ಬಂದು ಫೋನನ್ನು ಕೂಸಿನ ಬಾಯಿಯ ಹತ್ತಿರ ಹಿಡಿದರು. ಅದು ಕಿವಿ ಕಿತ್ತು ಹೋಗುವ ಹಾಗೆ ಅಳುತ್ತಿತ್ತು. ಆಮೇಲೆ ನಾನು ಫೋನು ತೆಗೆದುಕೊಂಡು "ಅಕ್ಕ" ಎಂದೆ. "ನೀರು ಕುಡದೇನು?" ಎಂದರು. ಕುಡಿದೆ ಎಂದೆ. ಫೋನು ಇಟ್ಟರು.

ಅದಾದ ಮೇಲೆ ನಾನು ಅವರನ್ನು ನೋಡಲಿಲ್ಲ. ಹೀಗೆ ಬರೆಯಲು ನಾಚಿಕೆಯಾಗುತ್ತದೆ. ನನಗೆ ಕಾಯಂ ನೌಕರಿ ಸಿಕ್ಕು ಆಳಂದಕ್ಕೆ ಬಂದಾಗ ಅವರು ಇನ್ನೂ ಮಾದನಹಿಪ್ಪರಗಾದಲ್ಲೇ ಇದ್ದರು. ಇಲ್ಲಿಂದ ಬಸ್ಸು ಹತ್ತಿದರೆ ಎಷ್ಟು ಹೊತ್ತಿನ ದಾರಿ? ತರಬೇತಿಗೆಂದು ಒಮ್ಮೆ ಆ ಊರಿಗೇ ಹೋಗಿದ್ದೆ. ದನದ ದವಾಖಾನೆಯ ಮುಂದೆ ಆ ಹಳೆಯ ಸ್ಕೂಟಿ ನಿಂತಿತ್ತು. ಗೇಟಿನವರೆಗೆ ಹೋದೆ. ಒಳಗಿಂದ ಯಾವುದೋ ಎಮ್ಮೆ ಕೂಗಿತು. ರೋಗದ ಕೂಗೇನೂ ಅಲ್ಲ, ಹಸಿವೆಯ ಕೂಗು. ಆದರೂ ನನ್ನ ಕಾಲು ಹಿಂದಕ್ಕೆ ತಿರುಗಿದವು. ಅವರ ಮುಖ ನೋಡಿದರೆ ಆ ಬೆಳಗುಗಳೆಲ್ಲ ತಿರುಗಿ ಬರುತ್ತವೆ ಎಂದು ಅಂಜಿ, ನನ್ನನ್ನು ಉಳಿಸಿದವರ ಬಾಗಿಲಿಂದ ಹಿಂದೆ ಬಂದೆ.

ಸಾಬೂನಿನ ಪೆಟ್ಟಿಗೆ ಬಂದ ದಿನ ಶಾಲೆಯಿಂದ ಮನೆಗೆ ಬಂದವಳೇ ಅವರ ನಂಬರಿಗೆ ಫೋನು ಹಚ್ಚಿದೆ. ಇಷ್ಟು ವರ್ಷವೂ ಅಳಿಸದೆ ಉಳಿದ ನಂಬರು. ಎರಡನೆಯ ರಿಂಗಿಗೇ ಎತ್ತಿದರು. ಗಂಡಸಿನ ದನಿ.

"ಹಾಂ, ಹೇಳ್ರಿ. ಎಮ್ಮಿ ಏನ್ರಿ, ಆಕಳೇನ್ರಿ?"

ಡಾಕ್ಟರಕ್ಕ ಇದ್ದಾರೇನ್ರಿ ಎಂದೆ.

"ಅಕ್ಕ ಹೋಗಿ ಎರಡು ವರ್ಷ ಆತ್ರಿ. ರಿಟೈರ್ ಆಗಿ ನಮ್ಮನಿಗಿ ಬಂದಿದ್ಳು, ಜೇವರ್ಗಿಗಿ. ಕಿಡ್ನಿ ತ್ರಾಸ ಇತ್ತು. ನಾ ಆಕಿ ತಮ್ಮರಿ, ಟೇಲರ್ ಕೆಲಸ ಮಾಡ್ತೀನಿ."

ಹೊಲಿಗೆ ಯಂತ್ರದ ಸದ್ದು ಹಿಂದೆ ಕೇಳುತ್ತಿತ್ತು. ಅದು ನಿಂತಿತು. ಈ ನಂಬರು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ.

"ಬಂದ್ ಮಾಡಸಾಕ ಹೊಂಟಿದ್ದೆ ರೀ. ಅಕ್ಕ ತೀರಿದ ಒಂದು ವಾರಕ್ಕ ಅಫಜಲಪುರ ಕಡಿಂದ ಒಬ್ರು ಫೋನ್ ಮಾಡಿದ್ರು. ಆಕಳಾ ಜೊಲ್ಲು ಸುರಸಾಕತ್ತದ, ಏನೋ ಸಿಕ್ಕದ, ಕೈ ಹಾಕಾಕ ನಿಂತೀನಿ ಅಂದ್ರು. ನನಗ ಜೀವ ಧಸಕ್ಕ ಅಂತು. ಅಕ್ಕ ಫೋನಿನಾಗ ದಿನಾ ಒದರೂದು ಕೇಳಿದ್ನಲ್ರಿ. ಕೈ ಹಾಕಬ್ಯಾಡ್ರಿ, ಮೊದ್ಲ ನಿಮ್ಮೂರ ದನದ ದವಾಖಾನಿಗಿ ಹೋಗ್ರಿ ಅಂದೆ. ಆಮ್ಯಾಲ ಬಂದ್ ಮಾಡಾಕ ಮನಸ್ಸು ಆಗಲಿಲ್ಲ. ನನಗ ದನದ್ದು ಮತ್ತೇನೂ ತಿಳಿಯಂಗಿಲ್ರಿ. ಅದೊಂದು ಹೇಳ್ತೀನಿ."

ಆಮೇಲೆ ಕೇಳಿದರು. "ನಿಮ್ದು ಏನಾಗ್ಯಾದ್ರಿ?"

ನನ್ನ ಮಗಳು ಆಗಷ್ಟೇ ಶಾಲೆಯಿಂದ ಬಂದು, ಚೀಲ ಇಳಿಸಿ, ಉಣ್ಣಲು ಏನಿದೆ ಎಂದು ಒಳಗಿಂದ ಕೂಗುತ್ತಿದ್ದಳು. ಅವಳ ದನಿ ಆ ಕಡೆಯವರಿಗೂ ಕೇಳಿಸಿರಬೇಕು.

"ಏನೂ ಆಗಿಲ್ರಿ," ಎಂದೆ. "ನಮಗ ಏನೂ ಆಗಿಲ್ಲ ಅಂತ ಅಕ್ಕಗ ಹೇಳಬೇಕಾಗಿತ್ತು... ತಡಾ ಮಾಡಿದೆ."